‘ಜೂಜಾಡ್ತೀರಾ?’ ಎಂದು ಕೇಳಬೇಡಿ

ಮೂಡಿಗೆರೆ ಕಡೆಯ ಬಾಳೂರು ಹ್ಯಾಂಡ್‌ಪೋಸ್ಟಿನಿಂದ ಒಳಗೆ ಹೋದರೆ ಸಿಗುವ ಒಂದು ಕಾಫಿ ತೋಟದ ಲೈನ್ ಮನೆ. ಗೋಡೆಯ ಮೇಲೆ ಕ್ಯಾಲೆಂಡರ್. ಪ್ರತಿ ತಾರೀಕಿನ ಚೌಕದಲ್ಲೂ ಎರಡು ಬಗೆಯ ಬರಹ. ಪೆನ್ಸಿಲಿನಲ್ಲಿ ಬರೆದದ್ದು ಅರ್ಧ, ಒಂದು ಎಂದು ಹಾಲಿನ ಲೆಕ್ಕ. ಅದರ ಕೆಳಗೆ ಕೆಂಪು ಪೆನ್ನಿನಲ್ಲಿ 47, 03, 81. ಜಗಲಿಯಲ್ಲಿ ಕೂತ ಆಶಾ ಕಾರ್ಯಕರ್ತೆ ಮನೆಯ ಯಜಮಾನನನ್ನು ಕೂರಿಸಿಕೊಂಡು ಫಾರಂ ತುಂಬುತ್ತಿದ್ದರು. ಬೀಡಿ ಸೇದ್ತೀರಾ? ಹೊಗೆಸೊಪ್ಪು ಹಾಕ್ತೀರಾ? ಕುಡಿತ ಉಂಟಾ? ಮನೇಲಿ ಯಾರಿಗಾದ್ರೂ ಬಿಪಿ, ಶುಗರ್? ಸೊಂಟದ ಸುತ್ತಳತೆಯನ್ನೂ ತೆಗೆದರು. ಕೊನೆಗೆ ಮನಸ್ಸಿನ ಬಗ್ಗೆ ಎರಡು ಪ್ರಶ್ನೆ: ಯಾವುದರಲ್ಲೂ ಆಸಕ್ತಿ ಇಲ್ಲದ ಹಾಗೆ ಆಗ್ತದಾ, ಬೇಜಾರಾಗ್ತದಾ? ಆತ ಎಲ್ಲದಕ್ಕೂ ನಿಯತ್ತಾಗಿ ಉತ್ತರ ಕೊಟ್ಟ. ಫಾರಂ ಮುಗಿಯಿತು. ಕೆಂಪು ಪೆನ್ನಿನ ಅಂಕಿಗಳ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಫಾರಂನಲ್ಲಿ ಅದಕ್ಕೆ ಕಾಲಂ ಇಲ್ಲ.

ಹೊರಗೆ ಬಂದ ಮೇಲೆ, ‘ಅದೆಂತದ್ದು ಅಕ್ಕ, ಆ ನಂಬರು?’ ಎಂದೆ. ‘ಓಸಿ ಮಾರಾಯ್ರೆ. ಸುಮಾರು ಮನೇಲಿ ಇರ್ತದೆ’ ಎಂದು ನಕ್ಕರು.

ಓಸಿ ಎಂದರೆ ಓಪನ್–ಕ್ಲೋಸ್, ಅಂದರೆ ಮಟ್ಕಾ. ನ್ಯೂಯಾರ್ಕಿನ ಹತ್ತಿ ಮಾರುಕಟ್ಟೆ ತೆರೆದಾಗಿನ ಮತ್ತು ಮುಚ್ಚಿದಾಗಿನ ದರದ ಮೇಲೆ ಮುಂಬೈಯಲ್ಲಿ ಬಾಜಿ ಕಟ್ಟುತ್ತಿದ್ದ ಕಾಲದಿಂದ ಆ ಹೆಸರು ಉಳಿದಿದೆ. 1960ರ ದಶಕದಲ್ಲಿ ಕಲ್ಯಾಣ್‌ಜಿ ಭಗತ್, ರತನ್ ಖತ್ರಿ ಎಂಬವರು ಹತ್ತಿಯನ್ನು ಕೈಬಿಟ್ಟು ನಂಬರ್ ಎತ್ತುವ ಆಟವನ್ನಷ್ಟೇ ಉಳಿಸಿಕೊಂಡರು. ಈಗ ಎರಡಂಕಿಯ ನಂಬರ್ ಬಿದ್ದರೆ ಒಂದು ರೂಪಾಯಿಗೆ 80 ಅಥವಾ 90 ರೂಪಾಯಿ ಎನ್ನುತ್ತಾರೆ. ಆದರೆ 00ರಿಂದ 99ರವರೆಗೆ ಇರುವುದು ನೂರು ನಂಬರ್. ನೂರಕ್ಕೂ ಒಂದೊಂದು ರೂಪಾಯಿ ಕಟ್ಟಿದವನ ಕೈಗೆ ವಾಪಸ್ ಬರುವುದು 80 ಅಥವಾ 90. ಉಳಿದದ್ದು ಚೀಟಿ ಬರೆಯುವವನಿಗೂ ಅವನ ಮೇಲಿನವನಿಗೂ. ಕನಸಿನಲ್ಲಿ ಹಾವು ಕಂಡರೆ ಯಾವ ನಂಬರ್ ಎಂದು ಲೆಕ್ಕ ಹಾಕುವವರು ಈ ಲೆಕ್ಕವನ್ನು ಮಾತ್ರ ಹಾಕುವುದಿಲ್ಲ.

ಬೀಡಿ, ಕುಡಿತದ ಹಾಗೆ ಜೂಜಿನ ಬಗ್ಗೆಯೂ ಕೇಳಿ ತಿಳಿಯಬಹುದು. ಅದಕ್ಕೆ ರಕ್ತಪರೀಕ್ಷೆ ಬೇಕಿಲ್ಲ, ಮೂರು ಪ್ರಶ್ನೆ ಸಾಕು. ಆದರೆ ಯಾವ ಮಾತಿನಲ್ಲಿ ಕೇಳುತ್ತೀರಿ ಎನ್ನುವುದರ ಮೇಲೆ ಎಲ್ಲ ನಿಂತಿದೆ.

ಅಮೆರಿಕದ ಮನೋವೈದ್ಯರ ಸಂಘ ಮಿತಿಮೀರಿದ ಜೂಜನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು 1980ರಲ್ಲಿ. ಆಗ ಅದಕ್ಕೆ ಸಿಕ್ಕ ಜಾಗ ಕದಿಯುವ ಚಟ, ಬೆಂಕಿ ಹಚ್ಚುವ ಚಟದ ಪಕ್ಕದಲ್ಲಿ. 2013ರಲ್ಲಿ ಅದನ್ನು ಎತ್ತಿ ಮದ್ಯ, ಮಾದಕ ವಸ್ತುಗಳ ಸಾಲಿನಲ್ಲಿ ಕೂರಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿಯಲ್ಲೂ ಅದಕ್ಕೆ ವ್ಯಸನದ ಸಾಲಿನಲ್ಲೇ ಜಾಗ. ನಮ್ಮ ಕಡೆ ಮಾತ್ರ ಇನ್ನೂ ‘ಕೆಟ್ಟ ಚಾಳಿ’, ‘ಹಣೆಬರಹ’, ಇಲ್ಲವೇ ಪೊಲೀಸರ ಕೆಲಸ.

ಈಗ ಮಾತಿಗೆ ಬರೋಣ. ‘ನೀವು ಜೂಜಾಡ್ತೀರಾ?’ ಎಂದು ಕೇಳಿ ನೋಡಿ, ನಮ್ಮಲ್ಲಿ ನೂರಕ್ಕೆ ನೂರು ಜನ ‘ಛೆ, ಇಲ್ಲಪ್ಪ’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಜೂಜು ಎಂಬುದು ಪೇಪರಿನ ಮಾತು. ‘ಜೂಜು ಅಡ್ಡೆ ಮೇಲೆ ದಾಳಿ’ ಎಂಬ ತಲೆಬರಹದಲ್ಲಿ ಬರುವಂಥದ್ದು. ಜನ ಆಡುವುದು ‘ಎಲೆ’, ಬರೆಸುವುದು ‘ನಂಬರು’, ಹಾಕುವುದು ‘ಟೀಮು’, ಕಟ್ಟುವುದು ‘ಬೆಟ್ಟು’, ಘಟ್ಟದ ಕೆಳಗೆ ಹೋಗುವುದು ಕೋಳಿ ‘ಅಂಕಕ್ಕೆ’. ಕ್ರಿಕೆಟ್‌ನವರಲ್ಲಿ ‘ಐಡಿ ಇದೆ’ ಎಂದರೆ ಆಧಾರ್ ಕಾರ್ಡಲ್ಲ, ಬುಕ್ಕಿ ಕೊಟ್ಟ ಲಾಗಿನ್. ಕರ್ನಾಟಕದಲ್ಲಿ ಲಾಟರಿ 2007ರಲ್ಲೇ ನಿಂತಿತು. ಆದರೂ ಕೇರಳದ ಟಿಕೆಟ್ ತರಿಸಿಕೊಳ್ಳುವವರಿದ್ದಾರೆ, ಅವರ ಲೆಕ್ಕದಲ್ಲಿ ಅದು ‘ಅದೃಷ್ಟ ನೋಡೋದು’. ಆದ್ದರಿಂದ ಮೊದಲು ಆಟದ ಹೆಸರು ಹಿಡಿದು ಕೇಳಿ. ‘ಈ ಕಡೆ ತುಂಬ ಜನ ಎಲೆ ಆಡ್ತಾರೆ, ನಂಬರ್ ಬರೆಸ್ತಾರೆ, ಫೋನಲ್ಲೂ ದುಡ್ಡು ಕಟ್ಟಿ ಆಡ್ತಾರೆ. ನಿಮಗೂ ಅಂಥದ್ದು ಯಾವುದಾದ್ರೂ ಉಂಟಾ?’ ಎಂದರೆ ಉತ್ತರ ಬೇರೆಯೇ ಬರುತ್ತದೆ.

‘ಉಂಟು’ ಎಂದವರೆಲ್ಲ ಕಾಯಿಲೆಯವರಲ್ಲ. ದೀಪಾವಳಿ ರಾತ್ರಿ ನೆಂಟರ ಜೊತೆ ನೂರು ರೂಪಾಯಿ ಇಟ್ಟು ಎಲೆ ಆಡಿ, ಸೋತು, ಬೈಸಿಕೊಂಡು ಮಲಗುವವನನ್ನು ಆಸ್ಪತ್ರೆಗೆ ಕರೆದೊಯ್ಯಬೇಕಿಲ್ಲ. ಅವನನ್ನೂ ಮುಳುಗುತ್ತಿರುವವನನ್ನೂ ಬೇರ್ಪಡಿಸಲಿಕ್ಕೇ ಮುಂದಿನ ಪ್ರಶ್ನೆಗಳು. 2010ರಲ್ಲಿ ಅಮೆರಿಕದಲ್ಲಿ ರೂಪಿಸಿದ ಒಂದು ಚುಟುಕು ಪರೀಕ್ಷೆಯಲ್ಲಿ ಇರುವುದು ಮೂರೇ ಪ್ರಶ್ನೆ, ಮೂರೂ ಕಳೆದ 12 ತಿಂಗಳಿಗೆ ಸಂಬಂಧಿಸಿದ್ದು. ನಮ್ಮ ಮಾತಿನಲ್ಲಿ ಕೇಳುವುದಾದರೆ ಹೀಗೆ:

ಆಟ ಬಿಡೋಕೆ ಅಥವಾ ಕಮ್ಮಿ ಮಾಡೋಕೆ ನೋಡಿದಾಗ ಚಡಪಡಿಕೆ, ಸಿಟ್ಟು, ಒಂಥರಾ ತಳಮಳ ಆದದ್ದುಂಟಾ?

ಎಷ್ಟು ಆಡ್ತೀರಿ ಅನ್ನೋದನ್ನ ಮನೆಯವರಿಗೆ, ಸ್ನೇಹಿತರಿಗೆ ಗೊತ್ತಾಗದ ಹಾಗೆ ಮುಚ್ಚಿಟ್ಟದ್ದುಂಟಾ?

ಆಟದಲ್ಲಿ ದುಡ್ಡು ಹೋಗಿ, ಮನೆ ಖರ್ಚಿಗೆ ಯಾರ ಹತ್ತಿರನಾದ್ರೂ ಕೈ ಚಾಚಬೇಕಾಗಿ ಬಂದದ್ದುಂಟಾ?

ಮೂರರಲ್ಲಿ ಒಂದಕ್ಕೆ ‘ಹೌದು’ ಬಂದರೂ ಇನ್ನೂ ವಿವರವಾಗಿ ವಿಚಾರಿಸಬೇಕು ಎಂದರ್ಥ. ಇದು ರೋಗನಿರ್ಣಯವಲ್ಲ. ನಮ್ಮ ಕಣದಲ್ಲಿ ಕಾಫಿಯನ್ನು ಜರಡಿ ಹಿಡಿಯುವ ಹಾಗೆ. ಜರಡಿಯಲ್ಲಿ ಉಳಿದದ್ದನ್ನು ಕೈಯಿಂದ ಆರಿಸಿ ನೋಡುವ ಕೆಲಸ ಆಮೇಲಿನದು.

ಎರಡನೇ ಪ್ರಶ್ನೆಯೇ ಬಲವಾದದ್ದು ಎಂದು ನನ್ನ ಅನಿಸಿಕೆ. ಇದಕ್ಕಿಂತ ಹಳೆಯ, 1997ರ ಇನ್ನೊಂದು ಪರೀಕ್ಷೆ ಎರಡೇ ಪ್ರಶ್ನೆಯದ್ದು: ಕಟ್ಟುವ ದುಡ್ಡನ್ನು ಹೆಚ್ಚಿಸುತ್ತಲೇ ಹೋಗಬೇಕು ಅನ್ನಿಸಿದ್ದುಂಟೇ, ಬೇಕಾದವರಿಗೆ ಸುಳ್ಳು ಹೇಳಬೇಕಾಗಿ ಬಂದದ್ದುಂಟೇ. ಎರಡು ಪರೀಕ್ಷೆಯಲ್ಲೂ ಮುಚ್ಚಿಡುವುದರ ಮಾತು ಬಂದಿದೆ, ಎಷ್ಟು ಕಳಕೊಂಡಿರಿ ಎಂಬ ಮಾತು ಎರಡರಲ್ಲೂ ಇಲ್ಲ. ಸೋತ ಮೊತ್ತ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಹೇಳಿದರೂ ಪ್ರಯೋಜನ ಕಡಿಮೆ. ಎಸ್ಟೇಟ್ ಇರುವವನಿಗೆ ಲಕ್ಷ ಹೋದರೂ ಊಟ ತಪ್ಪುವುದಿಲ್ಲ, ದಿನಗೂಲಿಯವನಿಗೆ ಸಾವಿರ ಹೋದರೆ ಆ ವಾರದ ಅಕ್ಕಿಯೇ ಹೋಯಿತು.

ಮೂರನೇ ಪ್ರಶ್ನೆಯನ್ನು ಮಾತ್ರ ನಮ್ಮ ತೋಟಗಳಲ್ಲಿ ಇದ್ದಂತೆ ಕೇಳಿದರೆ ಎಡವುತ್ತೀರಿ. ಇಲ್ಲಿ ಮುಂಗಡ ತೆಗೆದುಕೊಳ್ಳುವುದು ಎಲ್ಲರೂ ಮಾಡುವ ಕೆಲಸ. ಮಕ್ಕಳ ಶಾಲೆಗೆ, ಊರ ಜಾತ್ರೆಗೆ, ಮಳೆಗಾಲಕ್ಕೆ ಮುಂಚೆ ಸಾಮಾನು ತುಂಬಿಸಲಿಕ್ಕೆ ರೈಟರ ಹತ್ತಿರ ಮುಂಗಡ ಕೇಳದವರು ಯಾರು? ಹಾಗಾಗಿ ‘ಸಾಲ ಉಂಟಾ?’ ಎಂದು ನಿಲ್ಲಿಸಬೇಡಿ. ಮೊದಲಿನದು ತೀರುವ ಮುಂಚೆ ಇನ್ನೊಂದು ಕೇಳಿದ್ದಾ, ಬಟವಾಡೆ ಆದ ಮಾರನೇ ದಿನವೇ ಕೈ ಖಾಲಿಯಾಗಿದ್ದಾ, ಒಂದು ಸಂಘದ ಕಂತು ಕಟ್ಟಲಿಕ್ಕೆ ಇನ್ನೊಂದು ಸಂಘದಲ್ಲಿ ಎತ್ತಿದ್ದಾ ಎಂದು ನೋಡಬೇಕು. ಹೆಂಡತಿ ಖಾತೆಗೆ ಬಂದ ಗೃಹಲಕ್ಷ್ಮಿಯ 2 ಸಾವಿರ ಸಂಜೆಯೊಳಗೆ ಗಂಡನ ಫೋನಿಗೆ ಹೋಗಿದ್ದರೆ, ಅಲ್ಲಿ ಪ್ರಶ್ನೆ ಕೇಳುವ ಮುಂಚೆಯೇ ಅರ್ಧ ಉತ್ತರ ಸಿಕ್ಕಿದ ಹಾಗೆ.

ನಮ್ಮ ಬೆಟ್ಟಗಳಲ್ಲಿ ಇದಕ್ಕೊಂದು ಕಾಲವೂ ಇದೆ. ಅರೇಬಿಕಾ ಮುಗಿದು, ರೋಬಸ್ಟಾ ಕೊಯ್ಲೂ ಮುಗಿಯುವ ಹೊತ್ತಿಗೆ ಫೆಬ್ರುವರಿ, ಮಾರ್ಚ್ ಬರುತ್ತದೆ. ಕೂಲಿಯವರ ಲೆಕ್ಕ ಚುಕ್ತಾ ಆಗುತ್ತದೆ, ಬೆಳೆಗಾರರ ಕೈಗೆ ವರ್ಷದ ದುಡ್ಡು ಬರುತ್ತದೆ. ಸರಿಯಾಗಿ ಆಗಲೇ ಐಪಿಎಲ್ ಶುರು. ಒಂದು ಕಡೆ ಹೂಮಳೆಗೆ ಕಾಯುವ ಚಿಂತೆ, ಇನ್ನೊಂದು ಕಡೆ ಎರಡು ತಿಂಗಳು ದಿನಾ ಸಂಜೆ ಆಟ. 2024–25ರಲ್ಲಿ ಕಾಫಿಗೆ ಹಿಂದೆಂದೂ ಇಲ್ಲದ ದರ ಬಂದಾಗ ಹೊಸ ಜೀಪು, ಹೊಸ ಮನೆಗಳ ಜೊತೆ ಹೊಸ ‘ಐಡಿ’ಗಳೂ ಬಂದವು. ಹಾಗೆ ನೋಡಿದರೆ ನ್ಯೂಯಾರ್ಕಿನ ಕಾಫಿ ದರ ನೋಡಿ ಮೂಟೆ ಮಾರುವುದೋ ಇಡುವುದೋ ಎಂದು ಕೂರುವ ನಾವು ಬೆಳೆಗಾರರು ಓಸಿಯವನನ್ನು ನೋಡಿ ನಗುವ ಹಾಗಿಲ್ಲ. ಜೂಜಿನ ವಿಚಾರ ಬಂದಾಗ ಲೈನ್ ಮನೆಯತ್ತ ಮಾತ್ರ ಬೆರಳು ತೋರಿಸುವ ರೂಢಿ ಇದೆ. ಬಂಗಲೆಯ ಜಗಲಿಯಲ್ಲೂ ಇದೇ ಮೂರು ಪ್ರಶ್ನೆ ಕೇಳಬೇಕು. ಹೆಂಗಸರನ್ನೂ ಬಿಡಬೇಡಿ. ಅವರಲ್ಲಿ ಫೋನಿನ ರಮ್ಮಿ ಶುರುವಾದರೆ ಗಂಡಸರಿಗಿಂತ ಆಳದಲ್ಲಿ ಮುಚ್ಚಿಡುತ್ತಾರೆ, ಏಕೆಂದರೆ ಬೈಗುಳ ಅವರಿಗೇ ಜಾಸ್ತಿ. ಕಾಲೇಜು ಹುಡುಗರ ವಿಷಯಕ್ಕೆ ಬಂದರೆ, ಎರ್ನಾಕುಲಂ ಜಿಲ್ಲೆಯ ಕಾಲೇಜುಗಳ ಐದೂವರೆ ಸಾವಿರ ವಿದ್ಯಾರ್ಥಿಗಳನ್ನು ವಿಚಾರಿಸಿದ ಒಂದು ಅಧ್ಯಯನದಲ್ಲಿ ಸುಮಾರು ಶೇ 7ರಷ್ಟು ಮಂದಿಯಲ್ಲಿ ಆಟ ಸಮಸ್ಯೆಯ ಮಟ್ಟ ಮುಟ್ಟಿದ್ದು ಕಂಡಿತ್ತು. ಅದು 2016ರಲ್ಲಿ ಪ್ರಕಟವಾದದ್ದು, ಫೋನಿನ ಆಟ ಇಷ್ಟು ಹಬ್ಬುವ ಮುಂಚೆ.

ಮೂರು ಪ್ರಶ್ನೆಯಲ್ಲಿ ಸಿಕ್ಕಿದವರಿಗೆ ಇನ್ನೂ ವಿವರವಾದ ಪರೀಕ್ಷೆ ಬೇಕೆಂದರೆ ಕೆನಡಾದಲ್ಲಿ 2001ರಲ್ಲಿ ಬಂದ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ. ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರುವ ಪಟ್ಟಿಗಳಲ್ಲಿ ಅದೂ ಒಂದು. ಕಳಕೊಂಡರೆ ತಾಳಲಾಗದಷ್ಟು ಕಟ್ಟಿದ್ದುಂಟೇ, ಮೊದಲಿನ ಮಜಾ ಬರಲು ಹೆಚ್ಚು ದುಡ್ಡು ಬೇಕಾಯಿತೇ, ಹೋದದ್ದನ್ನು ಹಿಡಿಯಲಿಕ್ಕೆ ಇನ್ನೊಂದು ದಿನ ವಾಪಸ್ ಹೋದದ್ದುಂಟೇ, ಸಾಲ ಮಾಡಿ ಅಥವಾ ಏನಾದರೂ ಮಾರಿ ಆಡಿದ್ದುಂಟೇ, ಇದು ಸಮಸ್ಯೆಯಾಗಿದೆ ಎಂದು ನಿಮಗೇ ಅನ್ನಿಸಿತೇ, ನಿದ್ದೆ ನೆಮ್ಮದಿ ಕೆಟ್ಟಿತೇ, ಬೇರೆಯವರು ಆಕ್ಷೇಪಿಸಿದರೇ, ಮನೆಯ ಹಣಕಾಸಿಗೆ ಪೆಟ್ಟು ಬಿತ್ತೇ, ತಪ್ಪಿತಸ್ಥ ಭಾವ ಕಾಡಿತೇ. ಪ್ರತಿ ಪ್ರಶ್ನೆಗೂ ‘ಇಲ್ಲವೇ ಇಲ್ಲ’ ಎಂದರೆ 0, ‘ಕೆಲವೊಮ್ಮೆ’ಗೆ 1, ‘ಬಹಳ ಸಲ’ಕ್ಕೆ 2, ‘ಹೆಚ್ಚುಕಡಿಮೆ ಯಾವಾಗಲೂ’ ಎಂದರೆ 3. ಒಟ್ಟು ಹೆಚ್ಚೆಂದರೆ 27. ಕೂಡಿಸಿದಾಗ 1–2 ಬಂದರೆ ಅಪಾಯ ಕಡಿಮೆ, 3ರಿಂದ 7 ಬಂದರೆ ಎಚ್ಚರ, 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರ ಹತ್ತಿರ ಹೋಗಲೇಬೇಕು. ಅಕ್ಷರ ಬಲ್ಲವರಾದರೆ ಚೀಟಿಯಲ್ಲಿ ಬರೆದುಕೊಡಿ, ತಾವೇ ತುಂಬಲಿ. ಬಾಯಿಬಿಟ್ಟು ಹೇಳುವುದಕ್ಕಿಂತ ಗೀಟು ಹಾಕುವುದು ಸುಲಭ.

ಈ ಒಂಬತ್ತರಲ್ಲಿ ಹೊಸತೇನೂ ಇಲ್ಲ ಎನ್ನುವುದು ನನಗೆ ಸೋಜಿಗ. ಋಗ್ವೇದದ ಹತ್ತನೇ ಮಂಡಲದ 34ನೇ ಸೂಕ್ತ ಒಬ್ಬ ಜೂಜುಗಾರನ ಅಳಲು. ಅತ್ತೆಗೆ ಅವನನ್ನು ಕಂಡರಾಗದು, ಹೆಂಡತಿ ದೂರವಾಗಿದ್ದಾಳೆ, ಹೆತ್ತವರೇ ಅವನನ್ನು ಅರಿಯೆವು ಎನ್ನುತ್ತಾರೆ, ಸಾಲದ ಭಯದಲ್ಲಿ ರಾತ್ರಿ ಹೊತ್ತು ಪರರ ಮನೆಯತ್ತ ಹೋಗುತ್ತಾನೆ. ಇನ್ನು ಹೋಗುವುದಿಲ್ಲ ಎಂದು ನಿಶ್ಚಯಿಸಿದರೂ ದಾಳ ಉರುಳುವ ಸದ್ದು ಕೇಳಿದರೆ ಕಾಲು ಅತ್ತಲೇ. ಕೆನಡಾದ ಪಟ್ಟಿಯಲ್ಲಿ ಇವನ ಅಂಕ ಎಷ್ಟಾದೀತೋ ನೀವೇ ಕೂಡಿಸಿ. ಆ ಕಾಲದ ದಾಳ ಯಾವುದು ಗೊತ್ತೇ? ವಿಭೀತಕದ ಕಾಯಿ, ಅಂದರೆ ನಮ್ಮ ಕಾಡಿನ ತಾರೆಕಾಯಿ. ಮಳೆಗಾಲದ ಕೆಮ್ಮಿಗೆ ಅಜ್ಜಿ ಸುಟ್ಟು ಬಾಯಿಗಿಡುವ ಅದೇ ಕಾಯಿ.

ಯಾರು ಕೇಳಬೇಕು? ಆಶಾ, ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸು, ವೈದ್ಯರು, ಸಂಘದಲ್ಲಿ ನಂಬಿಕೆಯ ಹಿರಿಯರು, ಸ್ವಂತ ಅಣ್ಣ, ಅತ್ತಿಗೆ. ಯಾರು ಕೇಳಬಾರದು ಎಂಬುದನ್ನು ಗಟ್ಟಿಯಾಗಿ ಹೇಳುತ್ತೇನೆ: ತೋಟದ ಸಾಹುಕಾರರು ಕೇಳಬಾರದು, ಸಾಲ ಕೊಟ್ಟವರೂ ಕೇಳಬಾರದು. ಕೂಲಿ, ಮುಂಗಡ, ಮನೆ ಮೂರೂ ಯಾರ ಕೈಯಲ್ಲಿದೆಯೋ ಅವರ ಮುಂದೆ ಯಾರೂ ನಿಜ ಬಿಚ್ಚಿಡುವುದಿಲ್ಲ. ಬಿಚ್ಚಿಟ್ಟರೆ ಕೆಲಸ ಹೋಗುವ ಭಯವೂ ಸುಳ್ಳಲ್ಲ. ಸಾಹುಕಾರರಿಗೆ ಕಾಳಜಿ ಇದ್ದರೆ ವರ್ಷಕ್ಕೊಮ್ಮೆ ತೋಟಕ್ಕೆ ಆರೋಗ್ಯ ಕೇಂದ್ರದವರನ್ನು ಕರೆಸಲಿ, ಯಾರು ಏನು ಹೇಳಿದರು ಎಂದು ಕೇಳದಿರಲಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 23ನೇ ಸೆಕ್ಷನ್ ಪ್ರಕಾರ ರೋಗಿಯ ಮಾಹಿತಿ ಗುಟ್ಟಾಗಿರುವುದು ಅವನ ಹಕ್ಕು. ಹಾಗೆಯೇ ಗಂಡನನ್ನು ಹೆಂಡತಿ ಎದುರು, ಮಗನನ್ನು ಅಪ್ಪನ ಎದುರು ಕೇಳಬೇಡಿ. ಬಟವಾಡೆಯ ಸಂಜೆ ಎಣ್ಣೆ ಏರಿದ ಹೊತ್ತಿಗೆ ಅಂತೂ ಬೇಡವೇ ಬೇಡ.

‘ಹೇಳಿದರೆ ಪೊಲೀಸ್ ಕೇಸಾಗ್ತದಾ?’ ಎಂಬುದು ಎಲ್ಲರ ಮೊದಲ ಅಂಜಿಕೆ. ಕರ್ನಾಟಕ ಪೊಲೀಸ್ ಕಾಯ್ದೆ 1963ರಡಿ ಓಸಿ ಬರೆಯುವುದು, ಬಯಲಲ್ಲಿ ಅಂದರ್–ಬಾಹರ್ ಆಡುವುದು ಅಪರಾಧ ಎನ್ನುವುದು ನಿಜ. ಆದರೆ ನರ್ಸಮ್ಮನ ಹತ್ತಿರ ಹೇಳಿಕೊಳ್ಳುವುದು ಅಪರಾಧವಲ್ಲ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ನಿಷೇಧಿಸಿತು, 22ರಂದು ರಾಷ್ಟ್ರಪತಿ ಅಂಕಿತ ಬಿತ್ತು. ಆ ಕಾಯ್ದೆಯ ಶಿಕ್ಷೆ ಆಟ ನಡೆಸುವವರಿಗೆ, ಜಾಹೀರಾತು ಕೊಡುವವರಿಗೆ, ದುಡ್ಡು ಸಾಗಿಸುವವರಿಗೆ, ಆಡಿದವನಿಗಲ್ಲ. ವರ್ಷಕ್ಕೆ 45 ಕೋಟಿ ಜನ ಸುಮಾರು 20 ಸಾವಿರ ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಎಂಬ ಅಂದಾಜನ್ನು ಆಗ ಕೇಂದ್ರ ಸರ್ಕಾರವೇ ಕೊಟ್ಟಿತ್ತು. ದೊಡ್ಡ ಕಂಪನಿಗಳು ದುಡ್ಡಿನ ಆಟ ನಿಲ್ಲಿಸಿದವು. ಬುಕ್ಕಿಯ ಐಡಿಗೆ ಮೊದಲೂ ಕಾನೂನಿನ ಹಂಗಿರಲಿಲ್ಲ, ಈಗಲೂ ಇಲ್ಲ.

ಬುಕ್ಕಿ ಮನೆಗೆ ಬಂದು ಕೂತರೆ ಒಂದು ಮಾತು ನೆನಪಿಡಿ. ಭಾರತೀಯ ಕರಾರು ಕಾಯ್ದೆ 1872ರ 30ನೇ ಸೆಕ್ಷನ್ ಪ್ರಕಾರ ಬಾಜಿಯ ಒಪ್ಪಂದಕ್ಕೆ ಬೆಲೆಯಿಲ್ಲ, ಬಾಜಿಯಲ್ಲಿ ಗೆದ್ದ ದುಡ್ಡನ್ನು ಕೋರ್ಟಿಗೆ ಹೋಗಿ ವಸೂಲು ಮಾಡುವಂತಿಲ್ಲ. ಕಿರುಸಾಲದವರ ಕಿರುಕುಳದ ವಿರುದ್ಧ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೂ ತಂದಿತು. ಹೆದರಿ ತೋಟದ ಪತ್ರ ಅಡವಿಡುವ ಮುಂಚೆ ಒಬ್ಬ ವಕೀಲರನ್ನು ಕೇಳಿ.

‘ಹೌದು’ ಎಂದವರಿಗೆ ಉಪದೇಶ ಬೇಡ. ದೇವರ ಮುಂದೆ ಆಣೆ ಮಾಡಿಸುವುದೂ ಬೇಡ. ನಮ್ಮ ಪರಿಚಯದ ಒಬ್ಬರು ಹಾಗೆ ಮೂರು ಸಲ ಆಣೆ ಇಟ್ಟು, ಮೂರು ಸಲ ಮುರಿದು, ಕೊನೆಗೆ ಆ ಪಾಪದ ಭಯಕ್ಕೇ ಹೆಚ್ಚು ಆಡಿದರು. ಮನೆಯವರು ಮಾಡುವ ದೊಡ್ಡ ತಪ್ಪೆಂದರೆ ಒಡವೆ ಮಾರಿ ಒಂದೇ ಸಲಕ್ಕೆ ಸಾಲವೆಲ್ಲ ತೀರಿಸಿಬಿಡುವುದು. ಸಾಲ ತೀರಿತೆಂದರೆ ಮತ್ತೆ ಆಡಲು ಜಾಗವಾಯಿತು ಎಂದು ಆ ಮನಸ್ಸು ಲೆಕ್ಕ ಹಾಕುತ್ತದೆ. ಅದಕ್ಕಿಂತ ದುಡ್ಡಿನ ದಾರಿ ಕಿರಿದು ಮಾಡಿ. ಅವರೇ ಒಪ್ಪಿದರೆ ಸಂಬಳ ಮನೆಯವರ ಖಾತೆಗೆ ಹೋಗಲಿ, ಎಟಿಎಂ ಕಾರ್ಡು ಬೇರೆಯವರ ಹತ್ತಿರ ಇರಲಿ, ಯುಪಿಐ ಮಿತಿ ಇಳಿಸಿ, ಸಾಲ ಕೊಡುವ ಆ್ಯಪ್ ಅಳಿಸಿ. ಯಾರಿಗೆ ಎಷ್ಟು ಕೊಡಬೇಕೆಂದು ಒಂದು ಹಾಳೆಯಲ್ಲಿ ಪೂರ್ತಿ ಬರೆಸಿ. ಮೊದಲ ಸಲ ಬರೆದ ಮೊತ್ತ ಪೂರ್ತಿ ಇರುವುದು ಅಪರೂಪ, ವಾರ ಬಿಟ್ಟು ಮತ್ತೆ ಕೇಳಿ.

ಇನ್ನೊಂದು ವಿಷಯ ಡಾಕ್ಟರಲ್ಲದವರಿಗೂ ಗೊತ್ತಿರಲಿ. ಇಡೀ ಜನ್ಮದಲ್ಲಿ ಎಲೆ ಮುಟ್ಟದ ಅರವತ್ತರ ಹಿರಿಯರು ಇದ್ದಕ್ಕಿದ್ದಂತೆ ಆಟಕ್ಕೆ ಬಿದ್ದರೆ ಅವರ ಮಾತ್ರೆ ಡಬ್ಬಿ ನೋಡಿ. ನಡುಕರೋಗ, ಅಂದರೆ ಪಾರ್ಕಿನ್ಸನ್‌ಗೆ ಕೊಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಮಾತ್ರೆಗಳು ಕೆಲವರಲ್ಲಿ ಜೂಜಿನ ಹುಚ್ಚು ತರುತ್ತವೆ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಕೊಟ್ಟ ವೈದ್ಯರಿಗೆ ತಿಳಿಸಿ.

ಕೇಳಲು ಎಲ್ಲರೂ ಹಿಂಜರಿಯುವ ಪ್ರಶ್ನೆ ಕೊನೆಯದು: ‘ಬದುಕೇ ಬೇಡ ಅನ್ನಿಸಿದ್ದುಂಟಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತೆಂಬುದು ತಪ್ಪು ತಿಳಿವಳಿಕೆ. ಜೂಜಿನ ಸಾಲದಲ್ಲಿ ಸಿಕ್ಕಿದವರಲ್ಲಿ ಈ ಯೋಚನೆ ಬರುವುದು ಹೆಚ್ಚು, ಕೇಳಿದಾಗ ಹೆಚ್ಚಿನವರಿಗೆ ಎದೆ ಹಗುರಾಗುತ್ತದೆ. ‘ಹೌದು’ ಎಂದರೆ ಒಂಟಿಯಾಗಿ ಬಿಡಬೇಡಿ. ತೋಟದ ಔಷಧಿ ಕೋಣೆಯ ಬೀಗದ ಕೈ, ಮನೆಯಲ್ಲಿ ಕೋವಿ ಇದ್ದರೆ ಅದೂ, ಅದೇ ದಿನ ಬೇರೆಯವರ ಸುಪರ್ದಿಗೆ ಹೋಗಲಿ.

ತೋರಿಸುವುದೆಲ್ಲಿ? ಮೂಡಿಗೆರೆಯ ತಾಲ್ಲೂಕು ಆಸ್ಪತ್ರೆಯಲ್ಲೇ ಮೊದಲು ವಿಚಾರಿಸಿ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ನೋಡುವ ದಿನ ಮಂಗಳವಾರ. ಬಸ್ ಹತ್ತುವ ಮುಂಚೆ ಆಶಾ ಅವರ ಹತ್ತಿರ ಖಚಿತ ಮಾಡಿಕೊಂಡರೆ ಒಂದು ದಿನದ ಕೂಲಿ ಉಳಿಯುತ್ತದೆ. ಫೋನಿನ ಆಟಕ್ಕೇ ಅಂಟಿಕೊಂಡವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್’ ಎಂಬ ಪ್ರತ್ಯೇಕ ಕ್ಲಿನಿಕ್ ಇದೆ. ಜೂಜಿನ ಚಟಕ್ಕೆಂದೇ ಒಪ್ಪಿತವಾದ ಮಾತ್ರೆ ಇಲ್ಲ. ಚಿಕಿತ್ಸೆ ಬಹುಪಾಲು ಮಾತಿನದು, ಹಲವು ವಾರ ಹಿಡಿಯುತ್ತದೆ. ಜೊತೆಗೆ ಕುಡಿತವೋ ಖಿನ್ನತೆಯೋ ಇದ್ದರೆ ಅದಕ್ಕೆ ಔಷಧಿ ಉಂಟು.

ಅಷ್ಟು ದೂರ ಹೋಗಲಾಗದಿದ್ದರೆ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416. ದಿನದ 24 ಗಂಟೆಯೂ ಇರುತ್ತದೆ, ದುಡ್ಡು ಕೊಡಬೇಕಿಲ್ಲ. 20 ಭಾಷೆಗಳಲ್ಲಿ ಮಾತಾಡುತ್ತಾರೆ, ಹಾಗಾಗಿ ಅಸ್ಸಾಮಿನಿಂದ ತೋಟಕ್ಕೆ ಬಂದ ಹುಡುಗರಿಗೂ ಈ ನಂಬರ್ ಹೇಳಿ. ಆಡುವವನೇ ಫೋನ್ ಮಾಡಬೇಕೆಂದಿಲ್ಲ, ತಾಯಿಯೋ ಹೆಂಡತಿಯೋ ಮಾಡಿದರೂ ನಡೆಯುತ್ತದೆ. ಮನೆಯಲ್ಲಿ ಸಿಗ್ನಲ್ ಸಿಗದಿದ್ದರೆ ಟವರ್ ಸಿಗುವ ದಿಣ್ಣೆಗೆ ಹತ್ತಿ ಮಾಡಿ. ಆಡುವವರೂ ಅಲ್ಲಿಗೇ ಹತ್ತುತ್ತಾರೆ.